ಜಾಳಿಗಿ ಕುಸ್ತಿಯ ಐತವಾರ

ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ನೀಲಿ ಪಟ್ಟೆಯ ಒಂದು ಜಮಖಾನೆ ಇದೆ. ಕನ್ಯೆ ನೋಡಲು ಬರುವವರಿಗೆ, ತೊಟ್ಟಿಲ ಶಾಸ್ತ್ರಕ್ಕೆ ಬರುವವರಿಗೆ, ಒಟ್ಟಿನಲ್ಲಿ ಬರಿ ನೆಲದ ಮೇಲೆ ಕೂಡ್ರಿಸಲು ನಾಚಿಕೆಯಾಗುವಂಥ ಜನಕ್ಕೆ ಎಂದು ಅವ್ವ ಅದನ್ನು ಟ್ರಂಕಿನ ಮೇಲೆ ಮಡಚಿ ಇಟ್ಟಿರುತ್ತಾಳೆ. ಈಚಿನ ಕೆಲವು ವರ್ಷಗಳಿಂದ ಆ ಜಮಖಾನೆಗೆ ಹೆಚ್ಚಿನ ಕೆಲಸ ಕೊಟ್ಟವರು ಬೀಗರಲ್ಲ. ಸಮುದ್ರದಾಚೆ ಎಲ್ಲಿಯೋ ಇರುವ, ನಮ್ಮೂರಿನ ಹೆಸರನ್ನೂ ಕೇಳದ ಜಟ್ಟಿಗಳು. ಭಾನುವಾರ ಬೆಳಿಗ್ಗೆ ಟಿವಿಯ ಮುಂದೆ ಅದು ಬಿಚ್ಚಿಕೊಂಡಿತೆಂದರೆ ಇವತ್ತು ಫಕೀರಪ್ಪನ ಮನೆಯಲ್ಲಿ ಜಾಳಿಗಿ ಕುಸ್ತಿ ಇದೆ ಎಂದು ಓಣಿಗೆಲ್ಲ ತಿಳಿಯುತ್ತದೆ.

ಜಾಳಿಗಿ ಕುಸ್ತಿ ಎಂಬುದು ನನ್ನ ಅಪ್ಪ ಫಕೀರಪ್ಪ ಇಟ್ಟ ಹೆಸರು. ನನ್ನ ತಮ್ಮ ಮಂಜು ಅದನ್ನು ಎಂಎಂಎ ಎನ್ನುತ್ತಾನೆ. ತಂತಿ ಜಾಳಿಗೆಯ ಆವರಣದೊಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕುತ್ತಾರೆ. ಅವರು ಗುದ್ದಬಹುದು, ಒದೆಯಬಹುದು, ಎತ್ತಿ ಒಗೆಯಬಹುದು, ನೆಲಕ್ಕೆ ಕೆಡವಿ ಕೈಯನ್ನೋ ಕುತ್ತಿಗೆಯನ್ನೋ ಹಿಡಿದು ಹಿಂಡಬಹುದು. ಸಾಕಪ್ಪಾ ಎನಿಸಿದವನು ಎದುರಾಳಿಯ ಮೈಯನ್ನೋ ನೆಲವನ್ನೋ ಪಟಪಟನೆ ತಟ್ಟಿದರೆ ಆಟ ಮುಗಿಯಿತು. ಅವರಿಗೆ ಶನಿವಾರದ ರಾತ್ರಿ, ನಮಗೆ ಭಾನುವಾರದ ನಾಷ್ಟಾದ ಹೊತ್ತು. ಹೀಗಾಗಿ ಭೂಮಿಯ ಆ ಮಗ್ಗುಲಲ್ಲಿ ಒಬ್ಬ ಪೆಟ್ಟು ತಿನ್ನುವ ವೇಳೆಗೆ ಈ ಮಗ್ಗುಲಲ್ಲಿ ನಾವು ಮಂಡಕ್ಕಿ, ಮಿರ್ಚಿ ಭಜಿ ತಿನ್ನುತ್ತಿರುತ್ತೇವೆ.

ಅಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ನಮ್ಮಿಬ್ಬರನ್ನು ಓದಿಸಿದವನು. ನಾನೀಗ ಹಿರೇಕೆರೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತೇನೆ. ಹರೆಯದಲ್ಲಿ ಅಪ್ಪ ಕುಸ್ತಿಯ ಕೆಂಪು ಮಣ್ಣಿನಲ್ಲಿ ಹೊರಳಾಡಿದವನು. ಅವನ ಕಾಯಂ ಎದುರಾಳಿ ಸವಣೂರಿನ ಮಾಬೂಸಾಬ ಕಾಕಾ, ವೀಳ್ಯದೆಲೆ ತೋಟದವರು. ಹಾನಗಲ್ಲಿನಲ್ಲಿ ಇವನು ಅವರನ್ನು ಕೆಡವಿದರೆ ಶಿಗ್ಗಾವಿಯಲ್ಲಿ ಅವರು ಇವನನ್ನು ಕೆಡವುತ್ತಿದ್ದರಂತೆ. ಯಾರು ಹೆಚ್ಚೆಂದು ತೀರ್ಮಾನವಾಗುವ ಮೊದಲೇ ಇಬ್ಬರ ಮೊಣಕಾಲೂ ಹೋದವು, ತೀರ್ಮಾನವಾಗದ ಆ ಜಗಳವೇ ಸ್ನೇಹವಾಗಿ ಉಳಿಯಿತು. ಒಂದು ವಿಷಯದಲ್ಲಿ ಮಾತ್ರ ಅಪ್ಪನದು ಮೇಲುಗೈ. ಹಿಂದಿನಿಂದ ಬಂದು ಅವನ ನಡು ತಬ್ಬಿ ಎತ್ತಲು ಕಾಕಾಗೆ ಎಂದೂ ಆಗಿರಲಿಲ್ಲ. ಈ ಮಾತನ್ನು ಅಪ್ಪ ಚಹಾದ ಜೊತೆಗೂ ಹೇಳುತ್ತಾನೆ, ಊಟದ ಜೊತೆಗೂ ಹೇಳುತ್ತಾನೆ. ಕಾಕಾ ಆಟದ ದಿನ ನಸುಕಿನಲ್ಲೇ ಬಸ್ಸು ಹಿಡಿದು, ಬಂಕಾಪುರ ದಾಟಿ, ಒಂದು ಕೈಯಲ್ಲಿ ಸವಣೂರು ಖಾರದ ಪೊಟ್ಟಣ, ಇನ್ನೊಂದರಲ್ಲಿ ಎಲೆಯ ಕಟ್ಟು ಹಿಡಿದು ಬಂದು, ಆ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳುತ್ತಾರೆ.

ಮಂಜು ಇವರಿಬ್ಬರನ್ನೂ ಮೊದಲ ಸಲ ಟಿವಿಯ ಮುಂದೆ ಕೂಡ್ರಿಸಿದಾಗ ನಡೆದದ್ದನ್ನು ನಿಮಗೆ ಹೇಳದೆ ಮುಂದೆ ಹೋಗಲಾರೆ. ಆಟ ಶುರುವಾದ ತುಸು ಹೊತ್ತಿಗೆ ಒಬ್ಬ ಬೆನ್ನಡಿಯಾಗಿ ಬಿದ್ದ. ಅಪ್ಪ “ಚಿತ್ ಆದ, ಮುಗೀತು” ಎಂದು ಎದ್ದು ಕೈ ತೊಳೆಯಲು ಹಿತ್ತಲಿಗೆ ನಡೆದ. ಕಾಕಾ ಎಲೆಗೆ ಸುಣ್ಣ ಹಚ್ಚತೊಡಗಿದರು. ಮಣ್ಣಿನ ಕುಸ್ತಿ ನೋಡಿ ಬೆಳೆದ ಕಣ್ಣಿಗೆ ಬೆನ್ನು ನೆಲ ಮುಟ್ಟಿದ ಮೇಲೆ ನೋಡುವುದೇನೂ ಉಳಿಯುವುದಿಲ್ಲ. ಅಪ್ಪ ಟಾವೆಲ್ಲಿಗೆ ಕೈ ಒರೆಸುತ್ತ ಒಳಗೆ ಬರುವಷ್ಟರಲ್ಲಿ, ಕೆಳಗೆ ಬಿದ್ದವನು ಮೇಲಿದ್ದವನ ಕುತ್ತಿಗೆಯನ್ನು ಎರಡು ಕಾಲುಗಳ ನಡುವೆ ಕತ್ತರಿಯ ಹಾಗೆ ಹಿಡಿದು, ಅವನಿಂದ ಸೋಲು ಒಪ್ಪಿಸಿ, ಎದ್ದು ನಿಂತಿದ್ದ.

“ಬಿದ್ದಂವನ ಕೈ ಯಾಕ ಎತ್ತಾಕತ್ತಾರ?” ಎಂದ ಅಪ್ಪ.

“ಅವನ ಗೆದ್ದಾನಪ್ಪ,” ಎಂದ ಮಂಜು.

“ಬೆನ್ನ ನೆಲಕ್ಕ ಹತ್ತಿದ್ದು ನಾ ಕಣ್ಣಾರೆ ನೋಡೇನಿ. ಗೆದ್ದಾನಂತ. ಏನ್ ಕಲಿಸ್ಯಾರೋ ನಿಮಗ.”

ಆ ವಾರವೆಲ್ಲ ಅಪ್ಪ ಸಂತೆಯಲ್ಲಿ ಮೋಸ ಹೋದವನಂತೆ ಓಡಾಡಿದ. ಆದರೆ ಅವನಿಗೆ ಆ ಆಟದ ಹುಚ್ಚು ಹಿಡಿದದ್ದೂ ಅದರಿಂದಲೇ. ಬಿದ್ದ ಮೇಲೂ ಆಟ ಇರುತ್ತದೆ ಎಂಬ ಮಾತು ಅವನೊಳಗೆ ಎಲ್ಲಿಯೋ ಕೂತುಬಿಟ್ಟಿತು. ಆಮೇಲಾಮೇಲೆ ಯಾರಾದರೂ ಕೆಳಗೆ ಬಿದ್ದರೆ ಮುಂದಕ್ಕೆ ಸರಿದು ಕೂತು, “ಈಗ ನೋಡ್ರಿ, ಈಗ ಖರೇ ಆಟ” ಎಂದು ಸುತ್ತಲಿನವರಿಗೆ ವ್ಯಾಖ್ಯಾನ ಕೊಡುವಷ್ಟು ಪಳಗಿದ.

ನಾನು ಆ ಆಟದ ಭಕ್ತೆಯಲ್ಲ. ರಕ್ತ ಕಂಡರೆ ಮುಖ ತಿರುವುತ್ತೇನೆ. ನನಗೆ ಇಷ್ಟ ನೋಡುವವರನ್ನು ನೋಡುವುದು. ಆಟಗಾರರ ಹೆಸರು ನಾಲಗೆಗೆ ಹೊರಳುವುದಿಲ್ಲವೆಂದು ಅವರನ್ನು ಕೆಂಪು ಚಡ್ಡಿ, ದಾಡಿಯವ, ಬೋಳ ಎಂದು ಕರೆಯುತ್ತಾರೆ. ಹೆಸರಿಟ್ಟ ಮೇಲೆ ನೆಂಟಸ್ತಿಕೆ ಬೆಳೆಯದೆ ಇರುತ್ತದೆಯೇ? “ಕಾಲ ಹಿಡಿ, ಕಾಲ ಹಿಡಿ” ಎಂದು ಕಾಕಾ ಕೂಗುತ್ತಾರೆ, ಕೂಗಿದ್ದು ಗಾಜಿನ ಆಚೆ ಕೇಳುತ್ತದೆಂಬಂತೆ. ಮಿರ್ಚಿಯ ತಾಟು ಹಿಡಿದು ಬಂದ ಅವ್ವ ಬಾಗಿಲಲ್ಲೇ ನಿಂತು, “ಆ ಬೋಳನ ಅವ್ವ ಇದನ್ನ ನೋಡಾಕತ್ತಿರತಾಳೇನ? ಪಾಪ, ಕಣ್ಣ ಹೆಂಗ ಬಾತೈತಿ” ಎನ್ನುತ್ತಾಳೆ. ಸಮುದ್ರದಾಚೆಯ ಯಾವುದೋ ಮಗನ ಕಣ್ಣಿಗೆ ಅಕ್ಕಿಆಲೂರಿನಲ್ಲಿ ಒಬ್ಬ ತಾಯಿ ಮರುಗುತ್ತಾಳೆ. ಪಕ್ಕದ ಮನೆಯಲ್ಲಿ ಬೇರೆ ಕೇಬಲ್ಲಿನಲ್ಲಿ ನೋಡುವವರಿಗೆ ಆಟ ನಮಗಿಂತ ಅರೆಗಳಿಗೆ ಮುಂಚೆ ಮುಟ್ಟುತ್ತದೆ. ಗೋಡೆಯಾಚೆ ‘ಹೋ’ ಎಂದಿತೆಂದರೆ ನಮ್ಮವರೆಲ್ಲ ಉಸಿರು ಬಿಗಿಹಿಡಿದು, ಇನ್ನೂ ಬೀಳದ ಪೆಟ್ಟಿಗೆ ಕಾಯುತ್ತಾರೆ. ಭವಿಷ್ಯ ಹೀಗೆ ಗೋಡೆಯಾಚೆಯಿಂದ ಕೇಳಿಸುವ ಮನೆ ಇನ್ನೆಲ್ಲಿದೆ, ಹೇಳಿ.

ಈ ನೋಡುಗರಲ್ಲಿ ಅಪ್ಪನೇ ಅಗ್ರಗಣ್ಯ. ಅವನು ಆಟ ನೋಡುವುದು ಕಣ್ಣಿನಿಂದಲ್ಲ, ಇಡೀ ಮೈಯಿಂದ. ತೆರೆಯ ಮೇಲೆ ಒಬ್ಬನ ಹೊಟ್ಟೆಗೆ ಗುದ್ದು ಬಿದ್ದರೆ ಇವನ ಬೆನ್ನು ಬಾಗುತ್ತದೆ, ಒಬ್ಬ ತೋಳು ಬಿಡಿಸಿಕೊಂಡರೆ ಇವನ ಭುಜ ಕುಣಿಯುತ್ತದೆ. ಯಾರದಾದರೂ ಕುತ್ತಿಗೆ ಸಿಕ್ಕಿಕೊಂಡರಂತೂ ಓಣಿಯ ಅರ್ಧ ಜನ ಟಿವಿ ಬಿಟ್ಟು ಇವನನ್ನೇ ನೋಡುತ್ತದೆ. ತನ್ನ ಗಂಟಲನ್ನು ತಾನೇ ಹಿಡಿದುಕೊಂಡು, ಕಣ್ಣುಗುಡ್ಡೆ ಹೊರಳಿಸಿ, “ಯಪ್ಪೋ, ಸತ್ತೆ, ಬಿಡಲೇ, ನಾ ಸತ್ತೆ” ಎಂದು ಜಮಖಾನೆ ಬಡಿಯುತ್ತಾನೆ. ಎಲ್ಲರೂ ನಗುತ್ತಾರೆ. ಇದು ನಟನೆಯಲ್ಲ ಎಂದು ಅವನ ವಾದ. ಹಿಂಡಿಸಿಕೊಳ್ಳುವವನ ಸಂಕಟವನ್ನು ನೋಡುವವರೆಲ್ಲ ಒಂದೊಂದು ಚೂರು ಹಂಚಿಕೊಂಡರೆ ಅವನಿಗೆ ಅಷ್ಟು ಹಗುರವಲ್ಲವೇ ಎಂದು ಒಮ್ಮೆ ನನ್ನನ್ನು ಕೇಳಿದ್ದ.

ಆ ಭಾನುವಾರ ಕೊನೆಯ ಪಂದ್ಯ ದೊಡ್ಡದು. ಕೆಂಪು ಚಡ್ಡಿ ಮತ್ತು ದಾಡಿಯವನ ನಡುವಿನ ಈ ಸೆಣಸಿಗಾಗಿ ನಮ್ಮವರು ತಿಂಗಳುಗಟ್ಟಲೆ ಕಾದಿದ್ದರು. ಅಪ್ಪ ಕೆಂಪು ಚಡ್ಡಿಯ ಕಡೆ. ಆದ್ದರಿಂದಲೇ ಕಾಕಾ ದಾಡಿಯವನ ಕಡೆ. ಜಮಖಾನೆ ತುಂಬಿ ಹೊಸ್ತಿಲವರೆಗೆ ಜನ. ನಾನು ಟಿವಿಯ ಪಕ್ಕದ ಮೂಲೆಯಲ್ಲಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು, ಅವುಗಳನ್ನು ತಿದ್ದುವ ನೆಪದಲ್ಲಿ ಮುಖಗಳನ್ನು ನೋಡುತ್ತ ಕೂತಿದ್ದೆ. ಅವ್ವ ಬಿಸಿಬಿಸಿ ಮಿರ್ಚಿಯ ಇನ್ನೊಂದು ತಾಟು ಇಟ್ಟುಹೋದಳು. ಅಪ್ಪ ತೆರೆಯಿಂದ ಕಣ್ಣು ಕೀಳದೆ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ. ಸರಿಯಾಗಿ ಆಗಲೇ ದಾಡಿಯವನು ಹಿಂದಿನಿಂದ ಜಿಗಿದು ಕೆಂಪು ಚಡ್ಡಿಯ ಕುತ್ತಿಗೆಗೆ ತೋಳು ಸುತ್ತಿದ.

ಮನೆಯಲ್ಲಿ ಕೇಕೆ ಎದ್ದಿತು. ಅಪ್ಪ ಗಂಟಲು ಹಿಡಿದುಕೊಂಡ. ಕಣ್ಣುಗುಡ್ಡೆ ಹೊರಳಿತು. ಬಲಗೈ ಜಮಖಾನೆ ಬಡಿಯತೊಡಗಿತು.

“ಅಪ್ಪ ಇವತ್ತ ಭಾರಿ ಮಾಡಾಕತ್ತಾನ,” ಎಂದು ಮಂಜು ನಕ್ಕ. ಯಾರೋ ಹಿಂದಿನಿಂದ, “ಇನ್ನ ಸ್ವಲ್ಪ ತಡ್ಕೋ ಫಕೀರಣ್ಣ, ಕೆಂಪ ಬಿಡಿಸ್ಕೊಂತಾನ,” ಎಂದ. ಕಾಕಾ ತೆರೆಯ ಕಡೆಗೇ ಮುಖ ಮಾಡಿ, “ಹಿಂಡು, ಬಿಡಬ್ಯಾಡ,” ಎನ್ನುತ್ತಿದ್ದರು.

ನಾನೂ ನಗುತ್ತಿದ್ದೆ. ಆ ನಗು ಅರ್ಧದಲ್ಲಿ ನಿಂತದ್ದು ಏನನ್ನೋ ಕಂಡದ್ದರಿಂದಲ್ಲ, ಏನೋ ಕೇಳದೆ ಹೋದದ್ದರಿಂದ. ಕಣ್ಣು, ಕೈ, ಬಾಗಿದ ಬೆನ್ನು, ಎಲ್ಲವೂ ಎಂದಿನಂತೆಯೇ ಇದ್ದವು, ‘ಯಪ್ಪೋ’ ಇರಲಿಲ್ಲ. ‘ಬಿಡಲೇ’ ಇರಲಿಲ್ಲ. ಅಷ್ಟು ಗದ್ದಲದ ನಡುವೆ ಅಪ್ಪ ಇದ್ದ ಜಾಗದಲ್ಲಿ ಸದ್ದಿನ ಒಂದು ತೂತು ಬಿದ್ದಿತ್ತು.

“ಅಪ್ಪಗ ಉಸಿರು ಬರವಲ್ದು,” ಎಂದು ಕೂಗಿದೆ. ಕೂಗುವವರ ಮನೆಯಲ್ಲಿ ಕೂಗಿದ್ದು ಯಾರಿಗೆ ಕೇಳಬೇಕು? ನಾನೂ ಕಡೆಗೂ ಆಟದ ರುಚಿ ಹತ್ತಿಸಿಕೊಂಡೆ ಎಂದು ತಿಳಿದ ನೆರೆಯ ಹೆಂಗಸೊಬ್ಬಳು ನನ್ನತ್ತ ತಿರುಗಿ ಮೆಚ್ಚಿ ತಲೆಯಾಡಿಸಿದಳು. ಅಪ್ಪನ ಮುಖ ಕೆಂಪು ದಾಟಿ ಬೇರೆಯೇ ಬಣ್ಣಕ್ಕೆ ತಿರುಗುತ್ತಿತ್ತು. ಅವನ ನನ್ನ ನಡುವೆ ಇಡೀ ಓಣಿ ಕೂತಿತ್ತು. ಕೈಗೆ ಸಿಕ್ಕದ್ದು ಟಿವಿಯ ವಾಯರು, ಹಿಡಿದು ಎಳೆದೆ.

ತೆರೆ ಕಪ್ಪಾಯಿತು. ತಿಂಗಳುಗಟ್ಟಲೆ ಕಾದ ಜನ ಅಷ್ಟೂ ಮುಖಗಳನ್ನು ನನ್ನ ಮೇಲೆ ತಿರುಗಿಸಿತು. ಆ ಸಿಟ್ಟನ್ನು ಈಗ ನೆನೆದರೆ ನಗು ಬರುತ್ತದೆ. ಸಿಟ್ಟು ಮಾತಾಗುವ ಮುನ್ನ ಒಂದು ಕ್ಷಣ ಮನೆ ಮೌನವಾಯಿತು, ಆ ಮೌನದಲ್ಲಿ ಅಪ್ಪನ ಕೈ ಮಾತ್ರ ಇನ್ನೂ ಜಮಖಾನೆ ತಟ್ಟುತ್ತಿತ್ತು. ಆಟವಿಲ್ಲ, ಆದರೂ ತಟ್ಟುತ್ತಿದ್ದಾನೆ. ಆಗ ಎಲ್ಲರಿಗೂ ತಿಳಿಯಿತು.

ಜನ ದಾರಿ ಬಿಟ್ಟರು. ಕಾಲೇಜಿನಲ್ಲಿ ಕೊಟ್ಟಿದ್ದ ಪ್ರಥಮ ಚಿಕಿತ್ಸೆಯ ತರಬೇತಿ ಕೈಗಳಿಗೆ ನೆನಪಿತ್ತು. ಮಂಜುವಿನ ಜೊತೆ ಸೇರಿ ಅಪ್ಪನನ್ನು ಎತ್ತಿ ನಿಲ್ಲಿಸಿ, ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಗುದ್ದಿದೆ. ಏನೂ ಬರಲಿಲ್ಲ. ಹಿಂದೆ ಹೋಗಿ ತಬ್ಬಿದೆ. ಅವ್ವನ ರೊಟ್ಟಿಯಿಂದ ಬೆಳೆದ ಆ ಹೊಟ್ಟೆಯ ಸುತ್ತ ನನ್ನ ಎರಡು ಕೈ ಒಂದಕ್ಕೊಂದು ಮುಟ್ಟಲಿಲ್ಲ.

“ಕಾಕಾ, ನೀವು ಹಿಡೀರಿ. ಹೊಕ್ಕಳದ ಮ್ಯಾಲ ಮುಷ್ಟಿ ಇಡ್ರಿ. ಒಳಗ ಒತ್ತಿ ಮ್ಯಾಲ ಎಳೀರಿ.”

ಕಾಕಾ ಹೇಗೆ ಎದ್ದರೋ, ಆ ಮೊಣಕಾಲು ಅವರನ್ನು ಹೇಗೆ ಹೊತ್ತಿತೋ ತಿಳಿಯದು. ಹಿಂದಿನಿಂದ ಅಪ್ಪನ ನಡು ತಬ್ಬಿದರು. ನಾನು ಅವರ ಮುಷ್ಟಿಯನ್ನು ಸರಿಯಾದ ಜಾಗಕ್ಕೆ ಸರಿಸಿದೆ. ಒಮ್ಮೆ ಎಳೆದರು, ಮತ್ತೊಮ್ಮೆ ಎಳೆದರು. ಅಡುಗೆಮನೆಯ ಬಾಗಿಲಲ್ಲಿ ಅವ್ವ ಮಿರ್ಚಿ ಎತ್ತುವ ತೂತಿನ ಸೌಟು, ಜಾರಿ, ಹಿಡಿದುಕೊಂಡೇ ನಿಂತಿದ್ದಳು, ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮುಂದಿನ ಎಳೆತಕ್ಕೆ ಅಪ್ಪನ ಪಾದಗಳೆರಡೂ ಜಮಖಾನೆಯಿಂದ ಮೇಲೆದ್ದವು, ಮಿರ್ಚಿಯ ಚೂರೊಂದು ಹಾರಿ ಕಪ್ಪು ತೆರೆಯ ನಟ್ಟನಡುವೆ ಹೋಗಿ ಅಂಟಿತು.

ಆಮೇಲೆ ಆ ಸದ್ದು. ಬೇಸಿಗೆಯಲ್ಲಿ ಕೈಪಂಪು ಹೊಡೆದು ಹೊಡೆದು, ಇನ್ನು ಬರುವುದಿಲ್ಲ ಎನ್ನುವಾಗ ಆಳದಿಂದ ನೀರು ಏರಿಬರುವ ಸದ್ದು ಕೇಳಿದ್ದೀರಾ? ಅಪ್ಪ ಉಸಿರು ಎಳೆದುಕೊಂಡದ್ದು ಹಾಗೆ ಕೇಳಿತು. ಅದೇ ಗಳಿಗೆಗೆ ಗೋಡೆಯಾಚೆ ‘ಹೋ’ ಎಂದು ದೊಡ್ಡ ಕೂಗು ಎದ್ದಿತು, ಯಾರೋ ಗೆದ್ದಿದ್ದರು. ಮೇಲಿನ ಓಣಿಯಲ್ಲೂ ಕೂಗಿದರು, ಯಾರೋ ತಾಟು ಬಡಿದರು, ಒಂದು ಪಟಾಕಿಯೂ ಹಾರಿತು. ಅವರಿಗೆ ಅದು ಸಮುದ್ರದಾಚೆಯ ಜಟ್ಟಿಯ ಗೆಲುವು. ನನಗೆ ಮಾತ್ರ ಇಡೀ ಅಕ್ಕಿಆಲೂರು ಅಪ್ಪನ ಒಂದು ಉಸಿರಿಗೆ ಜಯಕಾರ ಹಾಕಿದಂತೆ ಕೇಳಿಸಿತು. ಈಗಲೂ ಹಾಗೆಯೇ ಕೇಳಿಸುತ್ತದೆ.

ಅಪ್ಪ ಜಮಖಾನೆಯ ಮೇಲೆ ಅಂಗಾತ ಮಲಗಿಬಿಟ್ಟ. ಕಣ್ಣಲ್ಲಿ ನೀರು, ಎದೆ ತಿದಿಯಂತೆ ಏರಿಳಿಯುತ್ತಿತ್ತು. ಕಾಕಾ ಅವನ ಪಕ್ಕದಲ್ಲೇ ಕುಸಿದು ಕೂತರು. ಆಮೇಲೆ ಮೀಸೆ ಒರೆಸಿಕೊಂಡು ಹೇಳಿದರು, “ಫಕೀರ್ಯಾ, ಇವತ್ತ ನಿನ್ನ ನಡ ಸಿಕ್ತು ನೋಡಲೇ.”

ಅಪ್ಪನ ದನಿ ಒಡೆದ ಕೊಳವೆಯಂತಿತ್ತು. “ಇದು ಲೆಕ್ಕಕ್ಕಿಲ್ಲ. ಪಂಚರು ಇರಲಿಲ್ಲ.”

“ಓಣಿ ಮಂದಿ ಎಲ್ಲಾ ನೋಡೇತಿ. ಎತ್ತೇನಿ, ಚಿತ್ ಕೆಡವೇನಿ.”

“ಈ ಆಟದಾಗ ಬಿದ್ದಂವನೂ ಗೆಲ್ತಾನ, ನಿನಗಿನ್ನ ಗೊತ್ತಾಗಿಲ್ಲೇನು,” ಎಂದ ಅಪ್ಪ. ಅಷ್ಟು ಹೊತ್ತು ಗೊಂಬೆಯಂತೆ ನಿಂತಿದ್ದ ಅವ್ವ ಆಗ ನಗತೊಡಗಿ, ನಗುತ್ತಲೇ ಅಳತೊಡಗಿ, ಜಾರಿಯನ್ನು ಮಂಜುವಿನ ಕೈಗೆ ಕೊಟ್ಟು ಒಳಗೆ ಹೋದಳು. ನಾವು ಅಪ್ಪನನ್ನು ಹಾನಗಲ್ಲಿಗೆ ಕರೆದೊಯ್ದು ವೈದ್ಯರಿಗೆ ತೋರಿಸಿದೆವು. ಹೊಟ್ಟೆ ತುಸು ಕಂದಿದೆ, ಇನ್ನೇನೂ ಇಲ್ಲ ಎಂದರು. ದಾರಿಯುದ್ದಕ್ಕೂ ಅಪ್ಪ, ಕಾಕಾ ಇಬ್ಬರೂ ಆಟದ ಫಲಿತಾಂಶವನ್ನು ಯಾರೂ ತಮಗೆ ಹೇಳಕೂಡದೆಂದು ತಾಕೀತು ಮಾಡಿದರು. ಮಂಜು ಮೊಬೈಲಿನಲ್ಲಿ ಮತ್ತೆ ತೋರಿಸುತ್ತೇನೆಂದರೂ ಬೇಡವೆಂದರು. ಮುಗಿದ ಆಟವನ್ನು ನೋಡುವುದು ಅವರ ಲೆಕ್ಕದಲ್ಲಿ ಹಳಸಿದ ಅನ್ನ. ನಮ್ಮ ಮನೆಯ ಮಟ್ಟಿಗೆ ಕೆಂಪು ಚಡ್ಡಿಯ ಕುತ್ತಿಗೆ ಇನ್ನೂ ದಾಡಿಯವನ ತೋಳಿನಲ್ಲೇ ಇದೆ.

ಹಳಸಿದ್ದನ್ನು ತಿನ್ನುವ ಪಾಡು ಬಂದದ್ದು ನನಗೆ. ಹಿರೇಕೆರೂರಿಗೆ ಮರಳಿದ ಮೇಲೆ ಆ ದೃಶ್ಯ ನನ್ನೊಳಗೆ ಮತ್ತೆ ಮತ್ತೆ ಓಡತೊಡಗಿತು. ಟಿವಿಯವರು ಒಂದು ಪೆಟ್ಟನ್ನು ನಿಧಾನಗತಿಯಲ್ಲಿ ಈ ಕಡೆಯಿಂದ ಆ ಕಡೆಯಿಂದ ತೋರಿಸುತ್ತಾರಲ್ಲ, ಹಾಗೆಯೇ. ಆದರೆ ಇದಕ್ಕೆ ಎಳೆಯಲು ವಾಯರಿಲ್ಲ. ಅದರಲ್ಲಿ ಕೆಲವೊಮ್ಮೆ ನಾನು ಉತ್ತರಪತ್ರಿಕೆಯಿಂದ ತಲೆ ಎತ್ತುವುದೇ ಇಲ್ಲ. ಕೆಲವೊಮ್ಮೆ ನಾನಿನ್ನೂ ನಗುತ್ತಲೇ ಇರುತ್ತೇನೆ. ತರಗತಿಯಲ್ಲಿ ಯಾರಾದರೂ ಕೆಮ್ಮಿದರೆ ಬನವಾಸಿಯ ಕದಂಬರನ್ನು ಅರ್ಧದಲ್ಲೇ ಬಿಟ್ಟು ತಿರುಗುತ್ತೇನೆ. ಕೆಮ್ಮು ಕೇಳಿದರೆ ಸಮಾಧಾನ, ಕೆಮ್ಮುವವರಿಗೆ ಉಸಿರಿದೆ. ಮೊದಲೆಲ್ಲ ಗದ್ದಲವನ್ನು ಅಪಾಯದ ಗುರುತೆಂದೂ ಮೌನವನ್ನು ನೆಮ್ಮದಿಯ ಗುರುತೆಂದೂ ತಿಳಿದಿದ್ದೆ. ಈಗ ಎರಡೂ ಜಾಗ ಬದಲಿಸಿವೆ. ಬಸ್ಸಿನಲ್ಲಿ ಅಳುವ ಕೂಸು, ಮೆಟ್ಟಿಲ ಮೇಲೆ ದಡದಡ ಇಳಿಯುವ ಹುಡುಗಿಯರು, ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುವ ಬಾಡಿಗೆ ಮನೆಯ ಒಡತಿ, ಎಲ್ಲರೂ ತಾವು ಇದ್ದೇವೆ ಎಂದು ಹಾಜರಿ ಕೊಡುತ್ತಿರುವಂತೆ ತೋರುತ್ತದೆ. ಹೆದರಿದ ಕಿವಿಗೆ ಲೋಕ ಇಷ್ಟೊಂದು ಸಂತೋಷದ ಸದ್ದುಗಳಿಂದ ತುಂಬಿದೆಯೆಂದು ನಾನಂತೂ ಎಣಿಸಿರಲಿಲ್ಲ.

ಮುಂದಿನ ಜಾಳಿಗಿ ಕುಸ್ತಿಗೆ ಮತ್ತೆ ಅದೇ ಜನ ಸೇರಿತು. ಈ ಸಲ ನಾನು ಮೂಲೆಗೆ ಹೋಗದೆ ಟಿವಿಗೆ ಬೆನ್ನು ಕೊಟ್ಟು, ಎಲ್ಲರಿಗೆ ಎದುರಾಗಿ ಕೂತೆ.

“ಶೈಲವ್ವ, ಆಟ ನಿನ್ನ ಹಿಂದ ಐತಿ,” ಎಂದರು ಕಾಕಾ.

“ಗೊತ್ತೈತ್ರಿ ಕಾಕಾ.”

ಅವ್ವ ಮಿರ್ಚಿಗಳನ್ನು ಈಳಿಗೆಯ ಮೇಲೆ ಹೆಚ್ಚಿ ಚೂರುಚೂರು ಮಾಡಿ ತಂದಿಟ್ಟಳು. “ಕೂಸಿಗೆ ಕೊಟ್ಟಂಗ ಕೊಡಾಕತ್ತಾಳ,” ಎಂದು ಅಪ್ಪ ಗೊಣಗಿದ, ಗೊಣಗಿ ಒಂದೊಂದೇ ಚೂರನ್ನು ಅಗಿದು ತಿಂದ. ಆಟ ಏರಿತು. ಅದನ್ನು ನಾನು ಮುಖಗಳಲ್ಲಿ ಓದಿದೆ: ಮಂಜುವಿನ ಹುಬ್ಬಿನಲ್ಲಿ ಒಬ್ಬ ಒದ್ದ, ಕಾಕಾರ ದವಡೆಯಲ್ಲಿ ಇನ್ನೊಬ್ಬ ತಪ್ಪಿಸಿಕೊಂಡ, ಹೊಸ್ತಿಲಲ್ಲಿ ನಿಂತವರ ಕಾಲ್ಬೆರಳುಗಳಲ್ಲಿ ಯಾರೋ ಮೇಲಕ್ಕೆ ಜಿಗಿದರು. ಆಮೇಲೆ ಎಲ್ಲರ ಕತ್ತೂ ಒಮ್ಮೆಗೇ ಮುಂದೆ ಚಾಚಿತು. ಯಾರದೋ ಕುತ್ತಿಗೆ ಸಿಕ್ಕಿದೆಯೆಂದು ತಿಳಿಯಿತು.

ಅಪ್ಪನ ಕೈ ತನ್ನಷ್ಟಕ್ಕೇ ಗಂಟಲಿಗೆ ಹೋಯಿತು, ಕಣ್ಣುಗುಡ್ಡೆ ಹೊರಳಿತು. ಮನೆಯ ಕೂಗು ಥಟ್ಟನೆ ನಿಂತಿತು. ಮಂಜು, ಕಾಕಾ, ಅವ್ವ, ಓಣಿಯ ಅಷ್ಟೂ ಮಂದಿ ಆಟದಿಂದ ಕಣ್ಣು ಕಿತ್ತು ಅಪ್ಪನ ಕಡೆ ತಿರುಗಿದರು. ಕಾಕಾ ಆಗಲೇ ಅರ್ಧ ಎದ್ದಿದ್ದರು, ಎರಡೂ ತೋಳು ಚಾಚಿಕೊಂಡು.

ಅಪ್ಪ ಕುತ್ತಿಗೆಯ ಮೇಲಿನ ಕೈ ತೆಗೆಯದೆಯೇ ಒಬ್ಬೊಬ್ಬರನ್ನೂ ನೋಡಿದ, ಕೊನೆಗೆ ನನ್ನನ್ನು ನೋಡಿದ.

“ಉಸಿರಾಡಾಕತ್ತೇನ್ರೋ ಯಪ್ಪಾ,” ಎಂದ. “ಆ ಕಡೆ ನೋಡ್ರಿ, ಆಟ ಮುಗದು ಹೊಕ್ಕೈತಿ.”